ಹಳೆಯ ಗಾಡಿಯ ಮೈಲೇಜು: ಅಳೆಯುವುದು ಹೇಗೆ, ಹೆಚ್ಚಿಸುವುದು ಹೇಗೆ?

ನಮ್ಮ ದೇಶದಲ್ಲಿ ಮೈಲಿ, ಗ್ಯಾಲನ್ನುಗಳು ಬಳಕೆಯಿಂದ ಹೋಗಿ ಬಹುಕಾಲವಾಯಿತು. ೧೯೫೬ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆಯಾಗಿ, ೧೯೫೮ರಿಂದ ಮೆಟ್ರಿಕ್ ಪದ್ಧತಿಯು ಹಂತಹಂತವಾಗಿ ಜಾರಿಗೆ ಬಂದಿತು. ಆದರೂ ವಾಹನವು ಇಂಧನವನ್ನು ಎಷ್ಟು ನುಂಗುತ್ತದೆ ಎಂಬ ಮಾತು ಬಂದಾಗ ನಾವೆಲ್ಲರೂ 'ಮೈಲೇಜು' ಎಂದೇ ಕೇಳುತ್ತೇವೆ. ಮೈಲಿ ಹೋಯಿತು, ಮೈಲೇಜು ಉಳಿಯಿತು. ಈ ಚಿಕ್ಕ ಮಾತಿನ ಹಿಂದೆ ಭೌತಶಾಸ್ತ್ರದ ಅನೇಕ ಪಾಠಗಳು ಅಡಗಿವೆ. ಅವನ್ನು ಒಂದು ನಿಜವಾದ ಉದಾಹರಣೆಯ ಮೂಲಕ ಇಲ್ಲಿ ವಿಚಾರಿಸೋಣ.

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನಮ್ಮ ನೆರೆಮನೆಯವರೊಬ್ಬರು ಪಿಕಪ್ ಗಾಡಿಯನ್ನು ಇಟ್ಟುಕೊಂಡು ಜೀವನ ಸಾಗಿಸುತ್ತಾರೆ. ೨೦೦೫ರಲ್ಲಿ ಟಾಟಾ ಏಸ್ ಬಂದ ಮೇಲೆ ನಮ್ಮ ಹಳೆಯ ಪೇಟೆಗಳ ಇಕ್ಕಟ್ಟು ಬೀದಿಗಳಲ್ಲಿ ಕೈಗಾಡಿ, ಎತ್ತಿನ ಗಾಡಿಗಳ ಜಾಗವನ್ನು ಹಿಡಿದ ಚಿಕ್ಕ ಡೀಸೆಲ್ ಗಾಡಿಗಳ ವರ್ಗಕ್ಕೆ ಸೇರಿದುದು ಅದು. ಬೆಳಗಿನ ಜಾವ ಕೃಷ್ಣರಾಜ ಮಾರುಕಟ್ಟೆಯಲ್ಲಿ ಮೂಟೆಗಳನ್ನು ತುಂಬಿ ಬಸವನಗುಡಿಯ ಗಾಂಧಿಬಜಾರಿಗೂ, ಅಲ್ಲಿಂದ ಮಲ್ಲೇಶ್ವರದ ಸಂಪಿಗೆ ರಸ್ತೆಯ ಅಂಗಡಿಗಳಿಗೂ ಸಾಗಿಸುವುದು ಅವರ ಕೆಲಸ. ಗಾಡಿಗೆ ಹದಿಮೂರು ವರ್ಷವಾಗಿದೆ. ಒಂದು ದಿನ ಅವರು ನಮ್ಮ ಮನೆಗೆ ಬಂದು, "ಮೇಷ್ಟ್ರೇ, ಮೊದಲೆಲ್ಲ ಚೆನ್ನಾಗಿ ಕೊಡುತ್ತಿತ್ತು. ಈಗ ದುಡಿದದ್ದೆಲ್ಲ ಬಂಕಿಗೇ ಹೋಗುತ್ತಿದೆ. ಡೀಸೆಲ್ ಪೈಪಿಗೆ ಕಟ್ಟುವ ಅಯಸ್ಕಾಂತ ಒಂದಿದೆಯಂತೆ, ನೂರಕ್ಕೆ ಇಪ್ಪತ್ತು ಉಳಿಯುತ್ತದೆಯಂತೆ. ಮೂರು ಸಾವಿರ ಹೇಳುತ್ತಾರೆ. ತೆಗೆದುಕೊಳ್ಳಲೇ? ಇಲ್ಲ, ಗಾಡಿಯನ್ನೇ ಮಾರಿ ಸಾಲ ಮಾಡಿ ಹೊಸದು ತರಲೇ?" ಎಂದು ಕೇಳಿದರು.

ಪ್ರಶ್ನೆ ಸಾಮಾನ್ಯವಾದುದಲ್ಲ. ಒಂದು ಕಡೆ ಮೂರು ಸಾವಿರ ರೂಪಾಯಿ, ಇನ್ನೊಂದು ಕಡೆ ವರ್ಷಗಟ್ಟಲೆ ತೀರಿಸಬೇಕಾದ ಸಾಲ. ಹೀಗಿರುವಲ್ಲಿ ಊಹೆಯಿಂದ ಉತ್ತರ ಹೇಳುವುದು ತರವಲ್ಲ. "ಮೊದಲು ಅಳೆಯೋಣ. ಅಯಸ್ಕಾಂತವನ್ನು ಮೆಚ್ಚಿದರೆ ಹಣ ಎಂಬ ಕರಾರಿನಲ್ಲಿ ತೆಗೆದುಕೊಂಡು ಬನ್ನಿ" ಎಂದೆವು. ನಾಲ್ಕು ತಿಂಗಳು ನಡೆದ ಆ ಅಳತೆಯ ವಿವರವೇ ಈ ಲೇಖನ.

ಅಳತೆಯ ಕ್ರಮ

ಮೈಲೇಜು ಎಂದರೆ ಒಂದು ಲೀಟರ್ ಇಂಧನಕ್ಕೆ ವಾಹನವು ಕ್ರಮಿಸುವ ದೂರ. ದೂರವನ್ನು ಇಂಧನದ ಪರಿಮಾಣದಿಂದ ಭಾಗಿಸಿದರೆ ಉತ್ತರ ದೊರೆಯುತ್ತದೆ. ಭಾಗಾಕಾರ ಸುಲಭ. ಆದರೆ ಭಾಜ್ಯ, ಭಾಜಕಗಳೆರಡನ್ನೂ ನಂಬಲರ್ಹವಾಗಿ ಪಡೆಯುವುದು ಅಷ್ಟು ಸುಲಭವಲ್ಲ.

ಇಂಧನವನ್ನು ಅಳೆಯುವ ಸರಳ ಕ್ರಮವೆಂದರೆ ಟ್ಯಾಂಕನ್ನು ಪೂರ್ತಿ ತುಂಬಿಸಿ, ಗಾಡಿಯನ್ನು ಓಡಿಸಿ, ಮತ್ತೆ ಪೂರ್ತಿ ತುಂಬಿಸುವುದು. ಎರಡನೆಯ ಬಾರಿ ಹಿಡಿದ ಡೀಸೆಲ್ಲೇ ನಡುವೆ ಉರಿದ ಡೀಸೆಲ್. ಟ್ಯಾಂಕಿನ ಮುಳ್ಳನ್ನು ನೋಡಿ ಲೆಕ್ಕ ಹಾಕುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ 'ಪೂರ್ತಿ' ಎಂಬುದರ ಅರ್ಥ ಪ್ರತಿಸಲವೂ ಒಂದೇ ಆಗಿರಬೇಕಷ್ಟೆ. ಗಾಡಿ ನಿಂತ ನೆಲ ಸ್ವಲ್ಪ ಓರೆಯಾಗಿದ್ದರೂ, ನೊರೆ ಹೆಚ್ಚಾಗಿ ಎದ್ದರೂ ಮಟ್ಟ ಬದಲಾಗುತ್ತದೆ. ಆದುದರಿಂದ ಒಂದೇ ಬಂಕು, ಒಂದೇ ಪಂಪು, ಬೆಳಗಿನ ಒಂದೇ ವೇಳೆ, ನಾಜಲ್ ತಾನಾಗಿ ನಿಂತ ಕೂಡಲೇ ತುಂಬುವುದನ್ನು ನಿಲ್ಲಿಸುವುದು ಎಂಬ ನಿಯಮ ಮಾಡಿಕೊಂಡೆವು. ಇಷ್ಟೆಲ್ಲ ಎಚ್ಚರವಹಿಸಿದರೂ ಪ್ರತಿಸಲ ಅರ್ಧ ಲೀಟರಿನಷ್ಟು ಹೆಚ್ಚುಕಡಮೆಯಾಗಬಹುದೆಂದು ಎಣಿಸಿದೆವು.

ಬಂಕಿನ ಪಂಪಿನ ಅಳತೆಯ ವಿಷಯದಲ್ಲಿ ಅನೇಕರಿಗೆ ಸಂಶಯವಿರುತ್ತದೆ. ಅದಕ್ಕೆ ಪರಿಹಾರವೂ ಇದೆ. ಪ್ರತಿ ಬಂಕಿನಲ್ಲಿಯೂ ಮುದ್ರೆ ಹಾಕಿದ ಐದು ಲೀಟರಿನ ಮಾಪಕವಿರುತ್ತದೆ. ಗ್ರಾಹಕರು ಕೇಳಿದರೆ ಅದರಲ್ಲಿ ಅಳೆದು ತೋರಿಸಬೇಕು. ಐದು ಲೀಟರಿಗೆ ೨೫ ಮಿ.ಲೀ., ಎಂದರೆ ನೂರಕ್ಕೆ ಅರ್ಧದಷ್ಟು, ವ್ಯತ್ಯಾಸಕ್ಕೆ ಮಾತ್ರ ಅವಕಾಶವುಂಟು.

ಇನ್ನು ದೂರ. ಗಾಡಿಯ ಓಡೋಮೀಟರ್ ವಾಸ್ತವವಾಗಿ ದೂರವನ್ನು ಅಳೆಯುವುದಿಲ್ಲ. ಚಕ್ರದ ಸುತ್ತುಗಳನ್ನು ಎಣಿಸುತ್ತದೆ. ಒಂದು ಸುತ್ತಿಗೆ ಇಷ್ಟು ದೂರ ಎಂಬುದು ಹೊಸ ಟೈರಿನ ಲೆಕ್ಕ. ಚಕ್ರದ ತ್ರಿಜ್ಯ ೨೭ ಸೆಂ.ಮೀ. ಎಂದಿಟ್ಟುಕೊಳ್ಳೋಣ. ಟೈರು ಅರ್ಧ ಸೆಂಟಿಮೀಟರ್ ಸವೆದರೆ ತ್ರಿಜ್ಯವೂ ಪರಿಧಿಯೂ ನೂರಕ್ಕೆ ಸುಮಾರು ಎರಡರಷ್ಟು ಕಡಮೆಯಾಗುವುವು. ಆಗ ನಿಜವಾದ ೯೮ ಕಿಲೋಮೀಟರನ್ನು ಓಡೋಮೀಟರ್ ೧೦೦ ಎಂದು ತೋರಿಸುತ್ತದೆ. ಟೈರು ಸವೆದಷ್ಟೂ ಮೈಲೇಜು 'ಹೆಚ್ಚಿದಂತೆ' ಕಾಣುವುದು! ಇದನ್ನು ತಿದ್ದಲು ನಾವು ಒಂದು ಭಾನುವಾರ ಮುಂಜಾನೆ ಮೈಸೂರು ರಸ್ತೆಯಲ್ಲಿ ಕಿಲೋಮೀಟರ್ ಕಲ್ಲುಗಳನ್ನು ಹಿಡಿದು ೨೦ ಕಿ.ಮೀ. ಓಡಿಸಿ ನೋಡಿದೆವು. ಓಡೋಮೀಟರ್ ೨೦.೪ ತೋರಿಸಿತು. ಆದುದರಿಂದ ಅದು ಹೇಳಿದ ದೂರವನ್ನೆಲ್ಲ ೦.೯೮ರಿಂದ ಗುಣಿಸಿಕೊಂಡೆವು. ಮುಂದೆ ಬರುವ ದೂರಗಳು ಹೀಗೆ ತಿದ್ದಿದವು. ಪ್ರಯೋಗ ಮುಗಿಯುವವರೆಗೆ ಟೈರುಗಳನ್ನು ಬದಲಿಸಲಿಲ್ಲ.

ಮೊದಲನೆಯ ತಿಂಗಳು

ಮೊದಲನೆಯ ತಿಂಗಳಲ್ಲಿ ಐದು ಬಾರಿ ಟ್ಯಾಂಕ್ ತುಂಬಿಸಿದಾಗ ಬಂದ ಅಂಕಿಗಳು ಇವು:

೧) ೨೧೨ ಕಿ.ಮೀ., ೧೪.೧ ಲೀಟರ್: ಲೀಟರಿಗೆ ೧೫.೦
೨) ೧೯೮ ಕಿ.ಮೀ., ೧೫.೨ ಲೀಟರ್: ಲೀಟರಿಗೆ ೧೩.೦
೩) ೨೨೫ ಕಿ.ಮೀ., ೧೪.೯ ಲೀಟರ್: ಲೀಟರಿಗೆ ೧೫.೧
೪) ೧೯೦ ಕಿ.ಮೀ., ೧೪.೬ ಲೀಟರ್: ಲೀಟರಿಗೆ ೧೩.೦
೫) ೨೦೫ ಕಿ.ಮೀ., ೧೪.೮ ಲೀಟರ್: ಲೀಟರಿಗೆ ೧೩.೯

ಒಟ್ಟು ದೂರ ೧,೦೩೦ ಕಿ.ಮೀ. ಒಟ್ಟು ಡೀಸೆಲ್ ೭೩.೬ ಲೀಟರ್. ಭಾಗಿಸಿದರೆ ಲೀಟರಿಗೆ ೧೪.೦ ಕಿ.ಮೀ.

ಇಲ್ಲಿ ವಿದ್ಯಾರ್ಥಿಗಳು ಸ್ವಲ್ಪ ನಿಂತು ಯೋಚಿಸಬೇಕು. ಗಾಡಿಗೆ ಏನನ್ನೂ ಮಾಡದೆಯೇ ಮೈಲೇಜು ೧೩ರಿಂದ ೧೫ರವರೆಗೆ ಏರಿಳಿದಿದೆ. ಎರಡನೆಯ ಬಾರಿ ತುಂಬಿಸಿದ ಮೇಲೆ ಅಯಸ್ಕಾಂತವನ್ನು ಕಟ್ಟಿದ್ದರೆ, ಮೂರನೆಯ ಬಾರಿ ಬಂದ ೧೫.೧ನ್ನು ನೋಡಿ ಯಾರಾದರೂ ಅಯಸ್ಕಾಂತದ ಮಹಿಮೆಯೆಂದೇ ಕೊಂಡಾಡುತ್ತಿದ್ದರು. ಒಂದು ಬಾರಿಯ ಅಳತೆಯಿಂದ ತೀರ್ಮಾನಕ್ಕೆ ಬರಬಾರದೆನ್ನುವುದು ಇದಕ್ಕಾಗಿಯೇ.

ಈ ಏರಿಳಿತವು ಹೇಗೆ ಬರುತ್ತದೆ? ಟ್ಯಾಂಕು ತುಂಬುವಾಗ ಆರಂಭದಲ್ಲಿ ಅರ್ಧ ಲೀಟರ್, ಕೊನೆಯಲ್ಲಿ ಅರ್ಧ ಲೀಟರ್ ವ್ಯತ್ಯಾಸವಾದರೆ, ೧೫ ಲೀಟರಿನಲ್ಲಿ ಒಂದು ಲೀಟರಿನಷ್ಟು ತಪ್ಪು ಬರಬಹುದು. ಎಂದರೆ ನೂರಕ್ಕೆ ಏಳು. ಲೀಟರಿಗೆ ಸುಮಾರು ಒಂದು ಕಿಲೋಮೀಟರ್. ಆದರೆ ಐದನ್ನೂ ಕೂಡಿಸಿದಾಗ ಈ ತಪ್ಪು ಐದರಷ್ಟಾಗುವುದಿಲ್ಲ. ಏಕೆಂದರೆ ಒಮ್ಮೆ ಅರ್ಧ ಲೀಟರ್ ಕಡಮೆ ತುಂಬಿದ್ದರೆ, ಮುಂದಿನ ಸಲ ಅದೇ ಅರ್ಧ ಲೀಟರ್ ಹೆಚ್ಚಾಗಿ ಹಿಡಿಯುತ್ತದೆ. ನಡುವಿನ ತಪ್ಪುಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಮೊದಲನೆಯ ಮತ್ತು ಕೊನೆಯ ತುಂಬುವಿಕೆಗಳ ತಪ್ಪು ಮಾತ್ರ ಉಳಿಯುತ್ತದೆ. ೭೩.೬ ಲೀಟರಿನಲ್ಲಿ ಒಂದು ಲೀಟರ್ ಎಂದರೆ ನೂರಕ್ಕೆ ಸುಮಾರು ೧.೪. ಆದುದರಿಂದ ನಮ್ಮ ಉತ್ತರವನ್ನು '೧೪.೦, ಹೆಚ್ಚು ಅಥವಾ ಕಡಮೆ ೦.೨' ಎಂದು ಬರೆದುಕೊಂಡೆವು. ತಪ್ಪಿನ ಮಿತಿಯನ್ನು ಬರೆಯದ ಅಳತೆ ಅರ್ಧ ಅಳತೆಯೇ ಸರಿ.

ಅಯಸ್ಕಾಂತದ ಪರೀಕ್ಷೆ

ಇನ್ನೊಂದು ತೊಡಕು ಇಂಧನದಲ್ಲಿ ಇಲ್ಲ, ಮನುಷ್ಯನಲ್ಲಿದೆ. ತನ್ನ ಗಾಡಿಗೆ ಹೊಸ ಸಾಧನವನ್ನು ಕಟ್ಟಿದ್ದಾರೆಂದು ತಿಳಿದ ಚಾಲಕನು ತನಗರಿವಿಲ್ಲದೆಯೇ ಮೆಲ್ಲಗೆ ಓಡಿಸತೊಡಗುತ್ತಾನೆ. ಉಳಿತಾಯವಾದರೂ ಅದು ಸಾಧನದ್ದಲ್ಲ, ಪಾದದ್ದು. ಇದನ್ನು ತಪ್ಪಿಸಲು ನಾವು ಅಯಸ್ಕಾಂತದ ಆಕಾರದ್ದೇ ಒಂದು ಮರದ ತುಂಡನ್ನು ಮಾಡಿಸಿ, ಎರಡನ್ನೂ ಒಂದೇ ಬಗೆಯ ಬಟ್ಟೆಯಲ್ಲಿ ಹೊಲಿಸಿದೆವು. ಒಂದು ತಿಂಗಳು ಒಂದು, ಇನ್ನೊಂದು ತಿಂಗಳು ಇನ್ನೊಂದು. ಯಾವಾಗ ಯಾವುದು ಎಂಬುದನ್ನು ಗಾಡಿಯವರಿಗೆ ತಿಳಿಸಲಿಲ್ಲ. ಅವರು ನಗುತ್ತಲೇ ಇದಕ್ಕೆ ಒಪ್ಪಿದರು.

ಮೇಲೆ ಹೇಳಿದ ಮೊದಲನೆಯ ತಿಂಗಳಲ್ಲಿ ಕಟ್ಟಿದ್ದುದು ಮರದ ತುಂಡು. ಮೂರನೆಯ ವಾರದಲ್ಲಿ ಅವರು, "ಗಾಡಿ ಹಗುರವಾಗಿ ಓಡುತ್ತಿದೆ ಮೇಷ್ಟ್ರೇ, ಇದು ಅದೇ ಇರಬೇಕು" ಎಂದು ಹೇಳಿದ್ದರು. ಎರಡನೆಯ ತಿಂಗಳು ನಿಜವಾದ ಅಯಸ್ಕಾಂತವನ್ನು ಕಟ್ಟಿದೆವು. ಒಟ್ಟು ದೂರ ೧,೦೧೨ ಕಿ.ಮೀ., ಡೀಸೆಲ್ ೭೨.೦ ಲೀಟರ್, ಮೈಲೇಜು ೧೪.೧. ನೂರಕ್ಕೆ ಇಪ್ಪತ್ತು ಹೆಚ್ಚಿದ್ದರೆ ೧೬.೮ ಬರಬೇಕಾಗಿತ್ತು. ೧೪.೦ಕ್ಕೂ ೧೪.೧ಕ್ಕೂ ಇರುವ ಅಂತರ ತಪ್ಪಿನ ಮಿತಿಯೊಳಗೇ ಇರುವುದರಿಂದ ಅದನ್ನು ಅಂತರವೆಂದೇ ಹೇಳಲಾಗದು.

ಹೀಗಾಗುವುದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಡೀಸೆಲ್ ಕಬ್ಬಿಣದಂತೆ ಅಯಸ್ಕಾಂತಕ್ಕೆ ಒಲಿಯುವ ವಸ್ತುವಲ್ಲ. ಅದರ ಮೇಲೆ ಅಯಸ್ಕಾಂತದ ಪ್ರಭಾವ ಅತ್ಯಂತ ಕ್ಷೀಣವಾದ ವಿಕರ್ಷಣೆ ಮಾತ್ರ. ಅದೂ ಅಲ್ಲದೆ, ಸುಸ್ಥಿತಿಯಲ್ಲಿರುವ ಎಂಜಿನ್ನಿನಲ್ಲಿ ಇಂಧನದ ನೂರರಲ್ಲಿ ೯೮ ಪಾಲಿಗಿಂತ ಹೆಚ್ಚು ಉರಿದೇ ಹೋಗುತ್ತದೆ. ಉಳಿದ ಒಂದೆರಡು ಪಾಲನ್ನು ಉರಿಸಿದರೂ ಇಪ್ಪತ್ತು ಪಾಲಿನ ಲಾಭ ಎಲ್ಲಿಂದ ಬಂದೀತು? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿ, ಮೈಲೇಜನ್ನು ಗಣನೀಯವಾಗಿ ಹೆಚ್ಚಿಸುವಂಥದು ಯಾವುದೂ ದೊರೆಯಲಿಲ್ಲವೆಂದು ತಿಳಿಸಿದೆ. ಕರಾರಿನಂತೆ ಅಯಸ್ಕಾಂತವನ್ನು ಹಿಂತಿರುಗಿಸಲಾಯಿತು.

ಇಂಧನದ ಶಕ್ತಿ ಹೋಗುವುದೆಲ್ಲಿಗೆ?

ಉಳಿತಾಯವನ್ನು ಹುಡುಕಬೇಕಾದರೆ ವೆಚ್ಚ ಎಲ್ಲಿ ಆಗುತ್ತಿದೆಯೆಂದು ಮೊದಲು ತಿಳಿಯಬೇಕು. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು ೩೬ ಮೆಗಾಜೌಲ್ ಶಕ್ತಿಯಿದೆ. ಮನೆಯ ಮೀಟರಿನ ಭಾಷೆಯಲ್ಲಿ ಹೇಳುವುದಾದರೆ ಹತ್ತು ಯೂನಿಟ್. ತುಂಬಿದ ಗಾಡಿಯ ರಾಶಿಯನ್ನು ೧,೫೦೦ ಕಿ.ಗ್ರಾಂ. ಎಂದು ಹಿಡಿದರೆ, ಈ ಶಕ್ತಿಯೆಲ್ಲ ಎತ್ತುವುದಕ್ಕೇ ಉಪಯೋಗವಾಗುವ ಪಕ್ಷದಲ್ಲಿ ಒಂದೇ ಲೀಟರು ಆ ಗಾಡಿಯನ್ನು ೨,೪೫೦ ಮೀಟರ್ ಎತ್ತರಕ್ಕೆ ಏರಿಸಬಲ್ಲದು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು ೧,೯೩೦ ಮೀಟರ್! ಆದರೆ ಶಕ್ತಿಯ ಬಹುಭಾಗ ಶಾಖವಾಗಿ ರೇಡಿಯೇಟರಿನಿಂದಲೂ ಹೊಗೆಕೊಳವೆಯಿಂದಲೂ ಹೊರಟುಹೋಗುತ್ತದೆ. ಪೇಟೆಯ ಓಡಾಟದಲ್ಲಿ ಐದರಲ್ಲಿ ಒಂದು ಪಾಲು ಚಕ್ರಕ್ಕೆ ತಲಪುತ್ತದೆಂದು ಇಟ್ಟುಕೊಳ್ಳೋಣ. ಹಾಗಾದರೆ ಲೀಟರಿಗೆ ನಮ್ಮ ಕೈಗೆ ಸಿಕ್ಕುವುದು ಸುಮಾರು ೭.೨ ಮೆಗಾಜೌಲ್. ಅದು ಮೂರು ದಾರಿಗಳಲ್ಲಿ ವ್ಯಯವಾಗುತ್ತದೆ.

ಮೊದಲನೆಯದು ಟೈರುಗಳ ಉರುಳು ಘರ್ಷಣೆ. ಟೈರು ನೆಲಕ್ಕೆ ತಾಗಿದಲ್ಲಿ ಚಪ್ಪಟೆಯಾಗಿ ಮತ್ತೆ ದುಂಡಗಾಗುವಾಗ ಶಕ್ತಿ ಶಾಖವಾಗುತ್ತದೆ. ಈ ಬಲ ಗಾಡಿಯ ತೂಕದ ನೂರಕ್ಕೆ ೧.೨ ಎಂದು ಹಿಡಿದರೆ ೧,೫೦೦ × ೯.೮ × ೦.೦೧೨, ಎಂದರೆ ೧೭೬ ನ್ಯೂಟನ್. ಒಂದು ಕಿಲೋಮೀಟರಿಗೆ ೧೭೬ ಕಿಲೋಜೌಲ್.

ಎರಡನೆಯದು ಗಾಳಿಯ ತಡೆ. ಇದು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ ೩೦ ಕಿ.ಮೀ. ವೇಗದಲ್ಲಿ ಇಂಥ ಗಾಡಿಗೆ ಅದು ಸುಮಾರು ೪೭ ನ್ಯೂಟನ್. ವೇಗವು ೬೦ಕ್ಕೆ ಏರಿದರೆ ಇದರ ನಾಲ್ಕರಷ್ಟಾಗಿ ಉರುಳು ಘರ್ಷಣೆಯನ್ನೇ ಮೀರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ೯೦೦ ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿ ಕರಾವಳಿಯ ಗಾಳಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ತಡೆಯೂ ಅಷ್ಟು ಕಡಮೆ. ಆದರೆ ಎಂಜಿನ್ನಿಗೆ ಸಿಕ್ಕುವ ಆಮ್ಲಜನಕವೂ ಅಷ್ಟೇ ಕಡಮೆ ಎಂಬುದನ್ನು ಮರೆಯಬಾರದು.

ಮೂರನೆಯದೇ ನಮ್ಮ ಊರಿನಲ್ಲಿ ದೊಡ್ಡದು: ನಿಲ್ಲುವುದು ಮತ್ತು ಹೊರಡುವುದು. ಗಂಟೆಗೆ ೪೦ ಕಿ.ಮೀ., ಎಂದರೆ ಸೆಕೆಂಡಿಗೆ ೧೧.೧ ಮೀಟರ್, ವೇಗದಲ್ಲಿರುವ ೧,೫೦೦ ಕಿ.ಗ್ರಾಂ. ಗಾಡಿಯ ಚಲನಶಕ್ತಿ ೯೩ ಕಿಲೋಜೌಲ್. ಬ್ರೇಕು ಒತ್ತಿದಾಗ ಅದೆಲ್ಲ ಶಾಖವಾಗಿ ಗಾಳಿಯ ಪಾಲಾಗುತ್ತದೆ. ಮತ್ತೆ ಅದೇ ವೇಗವನ್ನು ಪಡೆಯಲು ೯೩ ಕಿಲೋಜೌಲನ್ನು ಹೊಸದಾಗಿ ತೆರಬೇಕು. ಡೀಸೆಲ್ಲಿನ ಲೆಕ್ಕದಲ್ಲಿ ಇದು ೧೩ ಮಿ.ಲೀ. ಇಂಥ ಎಂಬತ್ತು ನಿಲುಗಡೆಗಳಾದರೆ ಒಂದು ಲೀಟರ್ ಮುಗಿಯಿತು.

ಕಿಲೋಮೀಟರಿಗೆ ಎರಡು ಬಾರಿ ಹೀಗೆ ನಿಂತು ಹೊರಟರೆ ೧೮೬ ಕಿಲೋಜೌಲ್. ಮೂರನ್ನೂ ಕೂಡಿಸಿದರೆ ೪೦೯ ಕಿಲೋಜೌಲ್. ಲೀಟರಿಗೆ ೭.೨ ಮೆಗಾಜೌಲ್ ಸಿಕ್ಕುವಾಗ ಗಾಡಿ ಸುಮಾರು ೧೭.೬ ಕಿ.ಮೀ. ಓಡಬೇಕು. ಇದು ಸ್ಥೂಲವಾದ ಎಣಿಕೆ ನಿಜ. ಹಿಂತಿರುಗುವಾಗ ಗಾಡಿ ಖಾಲಿಯಿರುವುದನ್ನು ಇದರಲ್ಲಿ ಸೇರಿಸಿಲ್ಲ. ನಿಂತಲ್ಲೇ ಎಂಜಿನ್ ಓಡುವುದನ್ನೂ ಸೇರಿಸಿಲ್ಲ. ಆದರೂ ಎಣಿಕೆಯ ೧೭.೬ಕ್ಕೂ ಅಳತೆಯ ೧೪.೦ಕ್ಕೂ ಇರುವ ಅಂತರ, ಗಾಡಿಯಲ್ಲಿ ಎಲ್ಲಿಯೋ ಸೋರಿಕೆಯುಂಟೆಂದು ಸಂಶಯಪಡಲು ಸಾಕಾಗಿತ್ತು.

ರೋಗವೂ ಚಿಕಿತ್ಸೆಯೂ

ಸೋರಿಕೆಯನ್ನು ಕಂಡುಹಿಡಿಯಲು ದುಬಾರಿ ಉಪಕರಣಗಳು ಬೇಕಾಗಲಿಲ್ಲ. ಬ್ರೇಕನ್ನು ಆದಷ್ಟು ಕಡಮೆ ಬಳಸಿ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ ಅಂಗೈಯನ್ನು ಮುಟ್ಟಿಸದೆ ಹಿಡಿದು ನೋಡಿದೆವು. ಮೂರು ಚಕ್ರಗಳು ಉಗುರುಬೆಚ್ಚಗಿದ್ದುವು. ಹಿಂದಿನ ಎಡಚಕ್ರದ ಡ್ರಮ್ಮು ಮಾತ್ರ ಕಾದುಹೋಗಿತ್ತು. ಬ್ರೇಕು ಬಿಟ್ಟ ಮೇಲೂ ಅದರ ಲೈನರು ಡ್ರಮ್ಮಿಗೆ ಉಜ್ಜುತ್ತಲೇ ಇದ್ದಿತು. ಆ ಶಾಖವೆಲ್ಲ ಡೀಸೆಲ್ಲಿನಿಂದ ಬಂದುದೇ ಅಲ್ಲವೆ?

ಏರ್ ಫಿಲ್ಟರನ್ನು ಬಿಚ್ಚಿ ನೋಡಿದರೆ ಮಾರುಕಟ್ಟೆಯ ದೂಳು ಮೆತ್ತಿ ಕಪ್ಪಾಗಿದ್ದಿತು. ಡೀಸೆಲ್ ಎಂಜಿನ್ನಿಗೆ ಗಾಳಿ ಸಾಲದೆ ಹೋದರೆ, ಭಾರ ಎಳೆಯುವಾಗ ಇಂಧನ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ಟೈರುಗಳ ಗಾಳಿಯೂ ಬಾಗಿಲ ಬಳಿಯ ಚೀಟಿಯಲ್ಲಿ ಬರೆದುದಕ್ಕಿಂತ ಐದನೆಯ ಒಂದು ಪಾಲು ಕಡಮೆಯಿತ್ತು. ಅಷ್ಟು ಕಡಮೆಯಾದರೆ ಉರುಳು ಘರ್ಷಣೆ ಹತ್ತರಲ್ಲಿ ಒಂದು ಪಾಲು ಹೆಚ್ಚಬಹುದು. ಕಿಲೋಮೀಟರಿಗೆ ೨.೪ ಮಿ.ಲೀ. ಡೀಸೆಲ್ ಎಂದರೆ ಅತಿ ಸ್ವಲ್ಪವೆಂದು ತೋರುತ್ತದೆ. ಆದರೆ ದಿನಕ್ಕೆ ೬೦ ಕಿ.ಮೀ. ಓಡುವ ಗಾಡಿಗೆ ತಿಂಗಳಿಗೆ ಮೂರೂವರೆ ಲೀಟರಿಗೂ ಮೀರುತ್ತದೆ.

ಜೆ.ಸಿ. ರಸ್ತೆಯಲ್ಲಿ ಫಿಲ್ಟರನ್ನೂ ಬ್ರೇಕಿನ ಸಾಮಾನುಗಳನ್ನೂ ಕೊಂಡು, ಮೆಕ್ಯಾನಿಕ್ಕಿನಿಂದ ಹಾಕಿಸಿ, ಟೈರಿಗೆ ಸರಿಯಾದ ಗಾಳಿ ತುಂಬಿಸಿದರು. ಒಟ್ಟು ಖರ್ಚು ೨,೬೦೦ ರೂಪಾಯಿ. ಮೂರನೆಯ ತಿಂಗಳು ೧,೦೪೬ ಕಿಲೋಮೀಟರಿಗೆ ೬೬.೨ ಲೀಟರ್ ಹಿಡಿಯಿತು. ಮೈಲೇಜು ೧೫.೮.

೧೪.೦ರಿಂದ ೧೫.೮ಕ್ಕೆ ಏರಿದುದು ತಪ್ಪಿನ ಮಿತಿಗಿಂತ ಎಷ್ಟೋ ದೊಡ್ಡದು; ಆದುದರಿಂದ ಇದು ನಿಜವಾದ ಹೆಚ್ಚಳ. ಆದರೆ ಮೂರು ರಿಪೇರಿಗಳನ್ನು ಒಟ್ಟಿಗೆ ಮಾಡಿಸಿದುದರಿಂದ, ಯಾವುದರ ಪಾಲು ಎಷ್ಟು ಎಂದು ಹೇಳಲು ನಮಗೆ ಸಾಧ್ಯವಿಲ್ಲ. ಪ್ರಯೋಗಶಾಲೆಯಲ್ಲಿ ಒಂದೊಂದನ್ನೇ ಬದಲಿಸಬೇಕು ಎಂಬುದು ನಿಯಮ. ಉಜ್ಜುತ್ತಿರುವ ಬ್ರೇಕನ್ನು ಇನ್ನೂ ಎರಡು ತಿಂಗಳು ಹಾಗೆಯೇ ಬಿಡಿ ಎಂದು ದುಡಿದು ತಿನ್ನುವವರಿಗೆ ಹೇಳುವುದು ಹೇಗೆ? ಅದು ಅಪಾಯಕರವೂ ಹೌದು.

ಈ ಉಳಿತಾಯವನ್ನೆಲ್ಲ ಒಂದು ಬಲವಾಗಿ ಎಣಿಸಿ ನೋಡಿದರೆ ವಿಷಯ ಮನಸ್ಸಿಗೆ ನಾಟುತ್ತದೆ. ಕಿಲೋಮೀಟರಿಗೆ ಉಳಿದ ಇಂಧನಶಕ್ತಿ ೦.೨೯ ಮೆಗಾಜೌಲ್, ಅದರಲ್ಲಿ ಚಕ್ರಕ್ಕೆ ಬರುವುದು ೫೯ ಕಿಲೋಜೌಲ್. ಎಂದರೆ ೫೯ ನ್ಯೂಟನ್, ಸುಮಾರು ಆರು ಕಿಲೋಗ್ರಾಂ ತೂಕದಷ್ಟು ಬಲ. ಯಾರೋ ಒಬ್ಬರು ಗಾಡಿಯ ಹಿಂದೆ ಹಗ್ಗ ಕಟ್ಟಿ ಅಷ್ಟು ಬಲದಿಂದ ಇಡೀ ದಿನ ಹಿಂದಕ್ಕೆ ಎಳೆಯುತ್ತಿದ್ದಂತಾಯಿತು.

ಚಾಲಕನ ಕೈಯಲ್ಲಿರುವುದು

ನಾಲ್ಕನೆಯ ತಿಂಗಳು ಓಡಿಸುವ ಕ್ರಮವನ್ನು ಬದಲಿಸಿ ನೋಡಿದೆವು. ಮುಂದಿನ ಸಿಗ್ನಲ್ಲಿನಲ್ಲಿ ಕೆಂಪುದೀಪ ಕಂಡರೆ ಕೊನೆಯವರೆಗೂ ನುಗ್ಗಿ ಬ್ರೇಕು ಒತ್ತುವ ಬದಲು, ಮುಂಚೆಯೇ ಆಕ್ಸಿಲರೇಟರನ್ನು ಬಿಟ್ಟು ಗೇರಿನಲ್ಲಿಯೇ ನಿಧಾನವಾಗಿ ಸಾಗುವುದು. ಹೀಗೆ ಸಾಗುವಾಗ ಗವರ್ನರು ಇಂಧನವನ್ನು ತಡೆಯುತ್ತದೆ. ನ್ಯೂಟ್ರಲ್ಲಿಗೆ ಹಾಕಿದರೆ ಎಂಜಿನ್ ಇಂಧನವನ್ನು ಉರಿಸುತ್ತಲೇ ಇರುತ್ತದೆ, ಹತೋಟಿಯೂ ಕಡಮೆಯಾಗುತ್ತದೆ. ಇಳಿಜಾರಿನಲ್ಲಿ ಎಂಜಿನ್ ಆರಿಸಿ ಹೋಗುವುದಂತೂ ಪ್ರಾಣಾಪಾಯ; ಅದನ್ನು ಯಾರೂ ಮಾಡಕೂಡದು. ಮೂಟೆ ಇಳಿಸುವಾಗಲೂ ದೀರ್ಘವಾದ ಸಿಗ್ನಲ್ಲುಗಳಲ್ಲಿಯೂ, ಗಾಡಿ ಪೂರ್ತಿ ನಿಂತ ಮೇಲೆ, ಎಂಜಿನ್ನನ್ನು ಆರಿಸಬಹುದು. ಚಿಕ್ಕ ಡೀಸೆಲ್ ಎಂಜಿನ್ ಸುಮ್ಮನೆ ಓಡುವಾಗ ಗಂಟೆಗೆ ೩೦೦ ಮಿ.ಲೀ. ಕುಡಿಯುತ್ತದೆಂದು ಇಟ್ಟುಕೊಂಡರೂ, ದಿನಕ್ಕೆ ಒಂದೂವರೆ ಗಂಟೆಗೆ ೪೫೦ ಮಿ.ಲೀ. ಆಯಿತು.

ಆ ತಿಂಗಳು ೧,೦೨೪ ಕಿಲೋಮೀಟರಿಗೆ ೬೧.೦ ಲೀಟರ್ ಹಿಡಿದು ಮೈಲೇಜು ೧೬.೮ ಬಂದಿತು. ಗಾಡಿಯವರಿಗೆ ಬಹಳ ಸಂತೋಷವಾಯಿತು. ಆದರೆ ನಾವು ಇದನ್ನು ಪೂರ್ತಿಯಾಗಿ ಒಪ್ಪಲಾರೆವು. ಆ ತಿಂಗಳಲ್ಲಿ ದಸರೆಯ ರಜೆ ಬಂದು ಶಾಲೆಗಳು ಮುಚ್ಚಿದ್ದುವು. ರಸ್ತೆಗಳಲ್ಲಿ ದಟ್ಟಣೆ ಕಡಮೆಯಿತ್ತು. ಹೆಚ್ಚಳವು ಪಾದದಿಂದ ಬಂದುದೋ ರಜೆಯಿಂದ ಬಂದುದೋ ಬೇರ್ಪಡಿಸಲಾಗದು. ಶಾಲೆಗಳು ತೆರೆದಿರುವ ಇನ್ನೊಂದು ತಿಂಗಳಲ್ಲಿ ಮತ್ತೆ ಅಳೆಯಬೇಕು. ನಮಗೆ ಇಷ್ಟವಾದ ಉತ್ತರ ಬಂದಾಗಲೇ ಹೆಚ್ಚು ಎಚ್ಚರಿಕೆ ಬೇಕು.

ಸರಾಸರಿಯಲ್ಲಿ ಒಂದು ಮೋಸ

ಮೈಲೇಜುಗಳ ಸರಾಸರಿಯನ್ನು ತೆಗೆಯುವಾಗ ಅನೇಕರು ಎಡವುತ್ತಾರೆ. ಒಂದು ಗಾಡಿ ೧೦೦ ಕಿಲೋಮೀಟರನ್ನು ಲೀಟರಿಗೆ ೧೦ರಂತೆಯೂ, ಮತ್ತೆ ೧೦೦ ಕಿಲೋಮೀಟರನ್ನು ಲೀಟರಿಗೆ ೨೦ರಂತೆಯೂ ಓಡಿತೆನ್ನಿ. ಸರಾಸರಿ ೧೫ ಅಲ್ಲ. ಇಂಧನ ೧೦ + ೫ = ೧೫ ಲೀಟರ್; ದೂರ ೨೦೦; ಮೈಲೇಜು ೧೩.೩. ಯಾವಾಗಲೂ ಒಟ್ಟು ದೂರವನ್ನು ಒಟ್ಟು ಇಂಧನದಿಂದಲೇ ಭಾಗಿಸಬೇಕು.

ಉಳಿತಾಯವನ್ನು ಹೋಲಿಸುವಾಗ '೧೦೦ ಕಿಲೋಮೀಟರಿಗೆ ಎಷ್ಟು ಲೀಟರ್' ಎಂಬ ಲೆಕ್ಕವೇ ಉತ್ತಮ. ಲೀಟರಿಗೆ ೧೫ರಿಂದ ೧೮ಕ್ಕೆ ಏರಿದರೆ ೧೦೦ ಕಿಲೋಮೀಟರಿಗೆ ೧.೧ ಲೀಟರ್ ಉಳಿಯುತ್ತದೆ. ೧೦ರಿಂದ ೧೨ಕ್ಕೆ ಏರಿದರೆ ೧.೭ ಲೀಟರ್ ಉಳಿಯುತ್ತದೆ. ಹೆಚ್ಚು ಕುಡಿಯುವ ಗಾಡಿಯಲ್ಲಿ ಆಗುವ ಸಣ್ಣ ಸುಧಾರಣೆಯೇ ಹೆಚ್ಚು ಬೆಲೆಯುಳ್ಳದ್ದು. ಹಳೆಯ ಗಾಡಿಗಳನ್ನು ಅಸಡ್ಡೆ ಮಾಡಬಾರದೆಂಬುದಕ್ಕೆ ಇದೂ ಒಂದು ಕಾರಣ.

ನಮ್ಮ ನೆರೆಯವರ ಗಾಡಿಯ ಲೆಕ್ಕಕ್ಕೆ ಬರೋಣ. ಸಂಶಯವಿರುವ ನಾಲ್ಕನೆಯ ತಿಂಗಳನ್ನು ಬಿಟ್ಟರೂ, ೧೦೦ ಕಿಲೋಮೀಟರಿಗೆ ೭.೧೪ ಲೀಟರ್ ಇದ್ದುದು ೬.೩೩ ಆಯಿತು. ತಿಂಗಳಿಗೆ ೧,೫೦೦ ಕಿಲೋಮೀಟರಿಗೆ ಉಳಿತಾಯ ಸುಮಾರು ೧೨ ಲೀಟರ್. ಲೀಟರಿಗೆ ೯೦ ರೂಪಾಯಿ ಎಂದರೆ ಸುಮಾರು ೧,೧೦೦ ರೂಪಾಯಿ. ರಿಪೇರಿಯ ಖರ್ಚು ಎರಡೂವರೆ ತಿಂಗಳೊಳಗೆ ಹಿಂದಿರುಗಿತು. ವರ್ಷಕ್ಕೆ ಉಳಿಯುವ ೧೪೬ ಲೀಟರ್ ಉರಿಯದಿದ್ದರೆ ಸುಮಾರು ೩೯೦ ಕಿ.ಗ್ರಾಂ. ಇಂಗಾಲದ ಡೈ ಆಕ್ಸೈಡ್ ವಾಯುಮಂಡಲಕ್ಕೆ ಸೇರುವುದಿಲ್ಲ. ಒಂದು ಕಿಲೋಗ್ರಾಮಿಗಿಂತ ಹಗುರವಾದ ಒಂದು ಲೀಟರ್ ಡೀಸೆಲ್ಲಿನಿಂದ ೨.೬೮ ಕಿ.ಗ್ರಾಂ. ಅನಿಲ ಹೇಗೆ ಬರುತ್ತದೆಂದು ಕೆಲವರಿಗೆ ಆಶ್ಚರ್ಯವಾಗಬಹುದು. ಡೀಸೆಲ್ಲಿನ ಇಂಗಾಲದೊಂದಿಗೆ ಗಾಳಿಯ ಆಮ್ಲಜನಕ ಸೇರುವುದರಿಂದಲೇ ಈ ತೂಕ.

ನಮ್ಮ ದೇಶವು ತನಗೆ ಬೇಕಾದ ಕಚ್ಚಾ ತೈಲದ ನೂರರಲ್ಲಿ ೮೫ ಪಾಲಿಗೂ ಹೆಚ್ಚನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದು, ಬಸ್ಸುಗಳ ಬೆನ್ನಿಗೆ ಒಲೆ ಕಟ್ಟಿ ಇದ್ದಿಲ ಅನಿಲದಿಂದ ಓಡಿಸಿದುದನ್ನು ಹಿರಿಯರು ಹೇಳುತ್ತಿದ್ದರು. ಅಂಥ ದಿನಗಳು ಬರುವವರೆಗೆ ಕಾಯದೆ, ಇರುವಾಗಲೇ ಲೆಕ್ಕವಿಡುವುದು ಜಾಣತನ.

ಗಾಡಿಯನ್ನು ಮಾರುವ ಯೋಚನೆಯನ್ನು ಅವರು ಸದ್ಯಕ್ಕೆ ಬಿಟ್ಟಿದ್ದಾರೆ. ಸೀಟಿನ ಕೆಳಗೆ ಈಗ ಒಂದು ನೋಟುಪುಸ್ತಕವಿದೆ. ಪಿ.ಯು.ಸಿ. ಓದುತ್ತಿರುವ ಅವರ ಮಗಳು ಪ್ರತಿ ವಾರವೂ ಅದರಲ್ಲಿ ದೂರ, ಲೀಟರ್, ಲೋಡುಗಳನ್ನು ಬರೆಯುತ್ತಾಳೆ. ಮುಂದೆ ಮೈಲೇಜು ಮತ್ತೆ ಇಳಿಯತೊಡಗಿದರೆ ಅದು ಮೊದಲು ತಿಳಿಯುವುದು ಆ ಪುಸ್ತಕದಿಂದಲೇ.

ವಿದ್ಯಾರ್ಥಿಗಳಿಗೆ ಅಭ್ಯಾಸ

೧) ನಿಮ್ಮ ಮನೆಯ ಸ್ಕೂಟರಿನ ಮೈಲೇಜನ್ನು ಸತತವಾಗಿ ಐದು ಬಾರಿ ತುಂಬಿಸಿ ಅಳೆಯಿರಿ. ಒಂದೊಂದು ಬಾರಿಯ ಉತ್ತರವನ್ನೂ ಒಟ್ಟು ಉತ್ತರವನ್ನೂ ತಪ್ಪಿನ ಮಿತಿಯೊಂದಿಗೆ ಬರೆಯಿರಿ. ಇಂಧನದ ಕೊಳವೆಯನ್ನು ಬಿಚ್ಚುವುದು, ಬಾಯಿಂದ ಹೀರಿ ತೆಗೆಯುವುದು ಮುಂತಾದ ಅಪಾಯಕರ ಕ್ರಮಗಳನ್ನು ಎಂದೂ ಅನುಸರಿಸಬೇಡಿ.

೨) ಒಂದು ಲೀಟರ್ ಪೆಟ್ರೋಲಿನ ಶಕ್ತಿ ೩೨ ಮೆಗಾಜೌಲ್, ಎಥನಾಲಿನದು ೨೧ ಮೆಗಾಜೌಲ್ ಎಂದು ಹಿಡಿದು, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಲೀಟರಿಗೆ ಎಷ್ಟು ಶಕ್ತಿಯಿದೆ, ಅದು ನೂರಕ್ಕೆ ಎಷ್ಟು ಕಡಮೆ ಎಂದು ಕಂಡುಹಿಡಿಯಿರಿ.

೩) ಡೀಸೆಲ್ ಪ್ರತಿ ಡಿಗ್ರಿಗೆ ತನ್ನ ಗಾತ್ರದ ೦.೦೦೦೮೩ ಪಾಲು ಹಿಗ್ಗುತ್ತದೆ. ಬೆಳಗ್ಗೆ ತುಂಬಿದ ೩೦ ಲೀಟರ್ ಮಧ್ಯಾಹ್ನದ ಬಿಸಿಲಿನಲ್ಲಿ ೧೦ ಡಿಗ್ರಿ ಕಾದರೆ ಎಷ್ಟು ಹಿಗ್ಗುವುದು? ಟ್ಯಾಂಕನ್ನು ಕಂಠದವರೆಗೆ ತುಂಬಬಾರದೆಂಬುದಕ್ಕೂ ಈ ಉತ್ತರಕ್ಕೂ ಏನು ಸಂಬಂಧ?